ಬಂಡೆಯ ಮೇಲೆ ಕಾಲೂರುವ ವಿದ್ಯೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಬಂಡೆಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾದುದಿಲ್ಲ. ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಅನೇಕರು ದನ ಮೇಯಿಸುತ್ತಲೋ, ಸೌದೆ ತರಲು ಹೋಗಿಯೋ, ದೇವರ ಪರಿಷೆಗೆ ಹಿರಿಯರ ಕೈ ಹಿಡಿದೋ ಬೆಟ್ಟವನ್ನು ಹತ್ತಿಳಿದವರೇ ಆಗಿದ್ದಾರೆ. ಹೀಗಿದ್ದರೂ, ಬಂಡೆ ಹತ್ತುವುದು ಒಂದು ವಿದ್ಯೆ, ಅದಕ್ಕೂ ಸಂಗೀತದ ಸರಳೆ ಜಂಟಿವರಸೆಗಳಂತೆ ಕ್ರಮವಾದ ಪಾಠಗಳಿವೆ ಎಂಬ ಸಂಗತಿ ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಭಾನುವಾರ ಬೆಂಗಳೂರಿನಿಂದ ಹಗ್ಗ ಹೊತ್ತು ಬಂದ ಯುವಕ ಯುವತಿಯರು ಕಡಿದಾದ ಬಂಡೆಯನ್ನು ಏರುವಾಗ ನಾವು ಕೆಳಗೆ ನಿಂತು ನೋಡುತ್ತೇವೆ. “ಅದಕ್ಕೆಲ್ಲ ಎಂಟೆದೆ ಬೇಕು ಕಣಪ್ಪ” ಎಂದು ಹೇಳಿ ಮನೆಗೆ ಹೋಗುತ್ತೇವೆ. ಬಂಡೆಗೆ ಬೇಕಾದುದು ಎಂಟೆದೆಯಲ್ಲ, ಅಭ್ಯಾಸವಾದ ಎರಡು ಪಾದಗಳು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಕಲ್ಲಿನ ವಿಚಾರ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಎಂಬವರಿಂದ ಬಂದ ಹೆಸರದು. ಊರಿನ ಹೆಸರು ಬದಲಾದರೂ ಭೂವಿಜ್ಞಾನದ ಗ್ರಂಥಗಳಲ್ಲಿ ನಮ್ಮ ಕಲ್ಲು ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಪ್ರಸಿದ್ಧವಾಗಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದ ಆಳದಲ್ಲಿ ನಿಧಾನವಾಗಿ ಆರಿ ಗಟ್ಟಿಯಾದುದರಿಂದ ಅದರಲ್ಲಿ ದಪ್ಪ ದಪ್ಪನೆಯ ಹರಳುಗಳು ಬೆಳೆದಿವೆ. ಮೇಲಿದ್ದ ನೆಲ ಯುಗಯುಗಗಳಲ್ಲಿ ಸವೆದು ಹೋದಂತೆ ಭಾರ ಕಡಮೆಯಾಗಿ, ಬಂಡೆಯು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಟ್ಟುಕೊಂಡು, ದುಂಡನೆಯ ಬೋಳು ಬೆಟ್ಟಗಳಾಗಿ ನಿಂತಿದೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಸಾವನದುರ್ಗ ಇದಕ್ಕೆ ಒಳ್ಳೆಯ ಉದಾಹರಣೆ. ಇಂತಹ ಹಾಸುಬಂಡೆಯಲ್ಲಿ ಕೈಗೆ ಹಿಡಿ ಸಿಕ್ಕುವುದು ಅಪರೂಪ. ಸಿಕ್ಕುವುದೆಲ್ಲ ಹರಳಿನ ತರಿ ಮಾತ್ರ. ಆದಕಾರಣ ಇಲ್ಲಿ ಏರುವವನನ್ನು ಕಾಪಾಡುವುದು ತೋಳಿನ ಬಲವಲ್ಲ, ಪಾದಕ್ಕೂ ಕಲ್ಲಿಗೂ ನಡುವಿನ ಘರ್ಷಣೆ.

ಈ ಘರ್ಷಣೆಯ ಲೆಕ್ಕವನ್ನು ನಮ್ಮಂತಹ ಕಲಾ ವಿಭಾಗದವರೂ ಸುಲಭವಾಗಿ ತಿಳಿಯಬಹುದು. 50 ಕಿಲೋ ತೂಕದ ಒಬ್ಬ ವಿದ್ಯಾರ್ಥಿ 30 ಡಿಗ್ರಿ ಇಳಿಜಾರಿನ ಮೇಲೆ ನೆಟ್ಟಗೆ ನಿಂತನೆನ್ನೋಣ. ಅವನ ತೂಕದಲ್ಲಿ ಸುಮಾರು 43 ಕಿಲೋ ಭಾಗ ಬಂಡೆಯನ್ನು ಒತ್ತುತ್ತದೆ, 25 ಕಿಲೋ ಭಾಗ ಅವನನ್ನು ಕೆಳಕ್ಕೆ ಎಳೆಯುತ್ತದೆ. ಒಣಗಿದ ತರಿಕಲ್ಲಿನ ಮೇಲೆ ಒಳ್ಳೆಯ ರಬ್ಬರಿನ ಅಟ್ಟೆಯಿದ್ದರೆ ಆ ಒತ್ತಡವೇ ಈ ಎಳೆತವನ್ನು ತಡೆದು ನಿಲ್ಲಿಸಲು ಸಾಕು. ಆದರೆ ಹೆದರಿಕೆಯಾದಾಗ ಮನುಷ್ಯನ ಮೈ ಏನು ಮಾಡುತ್ತದೆ? ತಾಯಿಯನ್ನು ಅಪ್ಪುವ ಮಗುವಿನಂತೆ ಬಂಡೆಯನ್ನು ಅಪ್ಪುತ್ತದೆ. ಆಗ ಭಾರದ ಒಂದು ಪಾಲು ಕೈಗೂ ಎದೆಗೂ ಹೋಗುತ್ತದೆ. ಕಾಲು ಬಂಡೆಯನ್ನು ಒತ್ತುವುದನ್ನು ಬಿಟ್ಟು ಇಳಿಜಾರಿನ ಉದ್ದಕ್ಕೆ ಕೆಳಗೆ ತಳ್ಳುತ್ತದೆ. ಒತ್ತಡ ಕಡಮೆಯಾದ ಪಾದ ಜಾರುತ್ತದೆ. ಯಾವುದು ರಕ್ಷಣೆಯೆಂದು ಮೈಗೆ ತೋರುವುದೋ ಅದೇ ಬೀಳಿಸುವ ಕಾರಣವಾಗುತ್ತದೆ. “ಹೆದರಬೇಡ” ಎಂದು ನೂರು ಸಲ ಹೇಳಿದರೂ ಮೈ ಕೇಳುವುದಿಲ್ಲ. ಸಣ್ಣ ಸಣ್ಣ ಅಭ್ಯಾಸಗಳ ಮೂಲಕ ಮೈಗೆ ತಾನೇ ತಿಳಿಯುವಂತೆ ಮಾಡಬೇಕು.

ಅಭ್ಯಾಸಕ್ಕೆ ದೊಡ್ಡ ಬೆಟ್ಟ ಬೇಕಾಗಿಲ್ಲ. ಆಳೆತ್ತರವನ್ನು ಮೀರದ, ಒಣಗಿದ, ಪಾಚಿಯಿಲ್ಲದ, ಕೆಳಗೆ ಮಟ್ಟವಾದ ಮಣ್ಣುನೆಲವಿರುವ ಒಂದು ಬಂಡೆ ಸಾಕು. ಜೊತೆಗೆ ಒಬ್ಬ ಸ್ನೇಹಿತನಿರಬೇಕು. ಜಾರಿದರೆ ತಡೆಯುವುದಕ್ಕೂ, ನಮಗೆ ಕಾಣದ ನಮ್ಮ ನಿಲುವನ್ನು ನೋಡಿ ಹೇಳುವುದಕ್ಕೂ ಅವನು ಬೇಕು.

ಮೊದಲನೆಯ ಪಾಠ, ಸುಮ್ಮನೆ ನಿಲ್ಲುವುದು. ಬಂಡೆಗೆ ಮುಖ ಮಾಡಿ ಇಳಿಜಾರಿನ ಮೇಲೆ ನಿಂತು, ಹಿಮ್ಮಡಿಯನ್ನು ಕೆಳಗಿಳಿಸಿ, ಸೊಂಟವನ್ನು ಬಂಡೆಯಿಂದ ದೂರಕ್ಕೆ ತಂದು, ಕೈಗಳನ್ನು ಮೆಲ್ಲನೆ ಬಿಡಬೇಕು. ಹಿಮ್ಮಡಿ ಇಳಿದಷ್ಟೂ ಮುಂಗಾಲಿನ ರಬ್ಬರು ಹೆಚ್ಚು ಅಗಲಕ್ಕೆ ಕಲ್ಲನ್ನು ಕಚ್ಚುತ್ತದೆ. ಆಮೇಲೆ ಬೇಕೆಂದೇ ಬಂಡೆಯ ಕಡೆಗೆ ಒರಗಿ, ಪಾದ ಸಡಿಲವಾಗುವುದನ್ನು ಗಮನಿಸಬೇಕು. ಹೀಗೆ ನೆಟ್ಟಗೂ ಒರಗಿಯೂ ಹತ್ತು ಸಲ ನಿಂತವನಿಗೆ ಮೇಲೆ ಹೇಳಿದ ಲೆಕ್ಕ ಕಾಲಿನಿಂದಲೇ ಅರ್ಥವಾಗುತ್ತದೆ.

ಎರಡನೆಯದು, ಕೈಯಿಲ್ಲದ ನಡಿಗೆ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಾಲ್ಕು ಹೆಜ್ಜೆ ಏರಿ ನಾಲ್ಕು ಹೆಜ್ಜೆ ಇಳಿಯುವುದು. ಹಿಡಿಯಲು ಕೈಯೇ ಇಲ್ಲದಾಗ ಮೈ ತಾನಾಗಿಯೇ ಪಾದದ ಮೇಲೆ ಬಂದು ನಿಲ್ಲುತ್ತದೆ. ಹೆಜ್ಜೆ ಚಿಕ್ಕದಾಗಿರಬೇಕು. ದೊಡ್ಡ ಹೆಜ್ಜೆ ಇಟ್ಟವನು ಎರಡು ಕಾಲುಗಳ ನಡುವೆ ಭಾರ ಸಿಕ್ಕಿಹಾಕಿಕೊಂಡು ತಡವರಿಸುತ್ತಾನೆ.

ಮೂರನೆಯದು, ಸದ್ದಿಲ್ಲದ ಪಾದ. ಕಾಲಿಡುವ ಜಾಗವನ್ನು ಮೊದಲೇ ನೋಡಿ, ಪಾದ ಅಲ್ಲಿ ಕೂರುವವರೆಗೂ ಕಣ್ಣು ತೆಗೆಯದೆ, ಒಂದೇ ಸಲಕ್ಕೆ ಸದ್ದಾಗದಂತೆ ಊರಬೇಕು. ಊರಿದ ಮೇಲೆ ಸರಿಪಡಿಸಬಾರದು. ಅನಂತರ ಪೂರ್ತಿ ಭಾರವನ್ನು ಆ ಕಾಲಿಗೆ ವರ್ಗಾಯಿಸಿ, ಇನ್ನೊಂದು ಕಾಲನ್ನೆತ್ತಿ ಮೂರು ಎಣಿಸಬೇಕು. ಅರ್ಧ ಮನಸ್ಸಿನಿಂದ ಊರಿದ ಕಾಲೇ ಹೆಚ್ಚಾಗಿ ಜಾರುವುದು.

ನಾಲ್ಕನೆಯದು, ಅಡ್ಡ ನಡಿಗೆ ಮತ್ತು ತಿರುವು. ಬಂಡೆಯ ಮೇಲೆ ಅಡ್ಡಲಾಗಿ ಆರೆಂಟು ಹೆಜ್ಜೆ ಹೋಗಿ, ದಿಕ್ಕು ಬದಲಿಸಿ ಹಿಂದಿರುಗಬೇಕು. ತಿರುಗುವ ಗಳಿಗೆಯಲ್ಲಿ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗಬೇಕಾದುದರಿಂದ ಹೆದರಿಕೆ ಅಲ್ಲಿಯೇ ಹೆಚ್ಚು.

ಹಿಮದ ನಾಡುಗಳಲ್ಲಿ ಸ್ಕೀ ಕಲಿಯುವವರಿಗೂ ಕಷ್ಟವಾಗುವುದು ಈ ತಿರುವೇ ಎಂಬುದು ಕುತೂಹಲದ ವಿಷಯ. ಕಾಶ್ಮೀರದ ಗುಲ್ಮಾರ್ಗದಲ್ಲಿ, ಉತ್ತರಾಖಂಡದ ಔಲಿಯಲ್ಲಿ ಈ ಆಟವನ್ನು ಕಲಿಸುತ್ತಾರೆ. ಹೊಸಬರು ಎರಡು ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ, ಹಿಮವನ್ನು ತಳ್ಳುತ್ತಾ ಮೆಲ್ಲಗೆ ಇಳಿಯುತ್ತಾರೆ. ನುರಿತ ಮೇಲೆ ಎರಡು ಹಲಗೆಗಳನ್ನೂ ಸಮಾನಾಂತರವಾಗಿಟ್ಟು ತಿರುಗಬೇಕು. ಅದಕ್ಕೆ ಭಾರವೆಲ್ಲ ತಿರುವಿನ ಹೊರಗಿನ ಹಲಗೆಯ ಮೇಲೆ ಬರಬೇಕು. ತಿರುವು ಮುಗಿದಾಗ ಅದೇ ಕಣಿವೆಯ ಕಡೆಯ ಹಲಗೆಯಾಗುತ್ತದೆ. ಮೈಯಾದರೋ ಕಣಿವೆಗೆ ಹೆದರಿ ಬೆಟ್ಟದ ಕಡೆಗೇ ವಾಲುತ್ತದೆ, ಹಲಗೆ ಹಿಡಿತ ತಪ್ಪಿ ಓಡುತ್ತದೆ. ಇದಕ್ಕೂ ಮದ್ದು ಬಿಡಿ ಅಭ್ಯಾಸಗಳೇ. ಹಲಗೆಗಳನ್ನು ಅಡ್ಡವಾಗಿಟ್ಟು ಪಕ್ಕಕ್ಕೆ ಜಾರುವುದು ಒಂದು. ಒಳಗಿನ ಹಲಗೆಯ ಹಿಂತುದಿಯನ್ನು ಹಿಮದಿಂದ ಎತ್ತಿಕೊಂಡೇ ತಿರುಗುವುದು ಇನ್ನೊಂದು. ಹಲಗೆಯನ್ನು ಎತ್ತಿದವನು ಹೊರಗಿನ ಕಾಲಿನ ಮೇಲೆ ನಿಲ್ಲದೆ ಗತಿಯಿಲ್ಲ. ನಮ್ಮ ಕೈಯಿಲ್ಲದ ನಡಿಗೆಯ ಯುಕ್ತಿಯೂ ಇದೇ ಅಲ್ಲವೇ? ಹಿಮ ಬೀಳದ ನಾಡಿನವರಿಗೆ ಇದು ದಕ್ಕದೆಂದು ತಿಳಿಯಬೇಕಾಗಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಹಿಮದ ಮೇಲಿನ ದೂರದೋಟದ ಸ್ಕೀ ಪಂದ್ಯಗಳಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದ್ದಾರೆ.

ಬಂಡೆಯ ಐದನೆಯ ಪಾಠ, ಇಳಿಯುವುದು. ಏರುವುದು ಉತ್ಸಾಹದ ಕೆಲಸ, ಇಳಿಯುವುದು ದಣಿದ ಕಾಲಿನ ಕೆಲಸ. ಇಳಿಜಾರು ಸಾಧಾರಣವಾಗಿದ್ದರೆ ಕಣಿವೆಗೆ ಮುಖ ಮಾಡಿ, ಮಂಡಿ ಬಗ್ಗಿಸಿ, ಮೂಗು ಪಾದದ ನೇರಕ್ಕೆ ಬರುವಂತೆ ಬಾಗಿ ಇಳಿಯಬೇಕು. ಹೆದರಿ ಹಿಂದಕ್ಕೆ ವಾಲಿದರೆ ಪಾದ ಮುಂದಕ್ಕೆ ಜಾರುತ್ತದೆ. ಕಡಿದಾದಲ್ಲಿ ಬಂಡೆಗೆ ಮುಖ ಮಾಡಿ ಇಳಿಯಬೇಕು. ಇಳಿಯಲು ಬಾರದ ಎತ್ತರಕ್ಕೆ ಏರಬಾರದು ಎಂಬುದನ್ನು ನಿಯಮವಾಗಿಟ್ಟುಕೊಳ್ಳಬೇಕು. ಯಾವ ಶಿಕ್ಷಣವೂ ಇಲ್ಲದೆ ಪಂದ್ಯ ಕಟ್ಟಿ ಬೆಟ್ಟವೇರಿ, ಇಳಿಯಲಾರದೆ ಕೈಕಾಲು ಮುರಿದುಕೊಂಡವರ, ಪ್ರಾಣವನ್ನೇ ಕಳೆದುಕೊಂಡವರ ಸುದ್ದಿಯನ್ನು ಕೇಳುತ್ತಲೇ ಇರುತ್ತೇವೆ. ಅವರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಅಭ್ಯಾಸಕ್ಕೆ.

ಇಷ್ಟು ಪಾಠಗಳಾದ ಮೇಲೆಯೂ ಆಳೆತ್ತರ ಮೀರಿದ ಬಂಡೆಯನ್ನು ಹಗ್ಗವಿಲ್ಲದೆ, ತಲೆಗೆ ಹೆಲ್ಮೆಟ್ ಇಲ್ಲದೆ, ಬಲ್ಲ ಗುರುವಿಲ್ಲದೆ ಮುಟ್ಟಬಾರದು. ಮಳೆಯಲ್ಲಿಯೂ, ನೀರು ಹರಿದು ಕಪ್ಪಾದ ಪಟ್ಟೆಗಳ ಮೇಲೂ ಕಾಲಿಡಬಾರದು. ಬಡಿದರೆ ಟೊಳ್ಳು ಸದ್ದು ಮಾಡುವ ಪದರವನ್ನು ನಂಬಬಾರದು. ಹೆಜ್ಜೇನು ಕಟ್ಟಿದ ಬಂಡೆಯ ಹತ್ತಿರ ಸುಳಿಯಬಾರದು. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಿಂದ ದೇಶಕ್ಕೆಲ್ಲ ಪರಿಚಿತವಾದ ರಾಮದೇವರ ಬೆಟ್ಟದ ಕೋಡುಗಲ್ಲುಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಸರ್ಕಾರ ಅದನ್ನು ರಣಹದ್ದು ಧಾಮವೆಂದು ಸಾರಿತು. ಅಂತಹ ಸ್ಥಳಗಳಲ್ಲಿ ಅರಣ್ಯ ಇಲಾಖೆಯ ಮಾತೇ ಕಡೆಯ ಮಾತು. ನಮ್ಮ ಆಟಕ್ಕೆ ಬೇರೆ ಬಂಡೆಗಳಿವೆ, ಆ ಹಕ್ಕಿಗಳ ಗೂಡಿಗೆ ಬೇರೆ ತಾಣವಿಲ್ಲ.

ಕಡೆಯದಾಗಿ ಒಂದು ಮಾತು. ನಮ್ಮಲ್ಲಿ ಅನೇಕರು ಮನೆಗೆ ಮೊದಲ ಪದವೀಧರರಾಗಲಿರುವವರು. ವಿದ್ಯೆ ವಂಶದಿಂದ ಬರುತ್ತದೆ, ಇಂಗ್ಲಿಷು ಪೇಟೆಯವರ ನಾಲಿಗೆಗೆ ಮಾತ್ರ ಹೊರಳುತ್ತದೆ ಎಂಬ ಮಾತನ್ನು ಕೇಳಿ ಕೇಳಿ ನಂಬಿಬಿಟ್ಟವರೂ ನಮ್ಮ ನಡುವೆ ಇದ್ದಾರೆ. ಬಂಡೆಯ ಪಾಠ ಇದನ್ನು ಒಪ್ಪುವುದಿಲ್ಲ. ಹುಟ್ಟುಗುಣವೆಂದು ದೂರದಿಂದ ಕಂಡುದನ್ನು ಬಿಡಿಸಿ ನೋಡಿದರೆ ಉಳಿಯುವುದು ನಿಲ್ಲುವುದು, ನಡೆಯುವುದು, ಊರುವುದು, ತಿರುಗುವುದು, ಇಳಿಯುವುದು, ಇಷ್ಟೇ. ಒಂದೊಂದನ್ನೂ ಯಾರು ಬೇಕಾದರೂ ಕಲಿಯಬಹುದು. ಹುಡುಗಿಯರಿಗೆ ಇದು ಸಲ್ಲದೆನ್ನುವವರೂ ಲೆಕ್ಕವನ್ನು ನೋಡಲಿ: ಹಾಸುಬಂಡೆ ಕೇಳುವುದು ತೋಳಿನ ಬಲವನ್ನಲ್ಲ, ಪಾದದ ನೆಲೆಯನ್ನು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಶಿಲಾರೋಹಣದ ಆಟ ಮೊದಲ ಬಾರಿಗೆ ಸೇರಿತು. ದೂರದೂರದವರು ಹುಡುಕಿಕೊಂಡು ಬರುವ ಕಲ್ಲು ನಮ್ಮ ಹಿತ್ತಿಲಲ್ಲೇ ಇದೆ. ನಮ್ಮ ಕಾಲೇಜಿನ ಕ್ರೀಡಾ ವಿಭಾಗದವರು ತರಬೇತಿ ಪಡೆದ ಒಬ್ಬ ಶಿಕ್ಷಕರನ್ನು ಕರೆಸಿ, ವಾರಕ್ಕೊಂದು ಬೆಳಗ್ಗೆ ಈ ಅಭ್ಯಾಸಕ್ಕೆ ಏರ್ಪಾಡು ಮಾಡಿದರೆ, ಕೆಳಗೆ ನಿಂತು ನೋಡುವವರ ಸಂಖ್ಯೆ ಕಡಮೆಯಾಗಿ ಮೇಲೆ ನಿಂತು ನೋಡುವವರ ಸಂಖ್ಯೆ ಹೆಚ್ಚುವುದರಲ್ಲಿ ಸಂದೇಹವಿಲ್ಲ.