ಬಿಚ್ಚಲು ಬಾರದ ತಿರುಪು

1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿದ್ದ ಪೆರ್-ಇಂಗ್ವರ್ ಬ್ರೋನೆಮಾರ್ಕ್‌ಗೆ ಹಲ್ಲಿನ ಗೊಡವೆಯೇ ಇರಲಿಲ್ಲ. ಜೀವಂತ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆಂದು ಕಣ್ಣಾರೆ ನೋಡಬೇಕಿತ್ತು, ಅಷ್ಟೆ. ಮೊಲದ ಕಾಲಿನ ಮೂಳೆಗೆ ಟೈಟಾನಿಯಂನ ಪುಟ್ಟ ಕೋಶವೊಂದನ್ನು ಕೂರಿಸಿ ಸೂಕ್ಷ್ಮದರ್ಶಕದಲ್ಲಿ ಇಣುಕಿದರು. ಕೆಲಸ ಮುಗಿದ ಮೇಲೆ ಬಿಚ್ಚಲು ಹೋದರೆ ಅದು ಬರಲೊಲ್ಲದು. ಮೂಳೆ ಲೋಹವನ್ನು ಕಚ್ಚಿ ಬೆಳೆದುಬಿಟ್ಟಿತ್ತು.

1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಯೋಸ್ಟಾ ಲಾರ್ಸನ್ ಎಂಬಾತನ ಕೆಳದವಡೆಗೆ ಕೃತಕ ಹಲ್ಲು ಕೂರಿಸಲು ಅದೇ ಲೋಹದ ತಿರುಪುಗಳನ್ನು, ಎಂದರೆ ಇಂಪ್ಲಾಂಟ್‌ಗಳನ್ನು, ಹಾಕಿದರು. ಹುಟ್ಟಿನಿಂದಲೇ ಸೀಳಂಗುಳ, ವಿಕಾರ ದವಡೆಯ ಆ ಮನುಷ್ಯ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಗಟ್ಟಿಯಾಗಿದ್ದವು. ಆದರೂ ದಂತವೈದ್ಯ ಲೋಕ ಇದನ್ನು ಮನಸಾರೆ ಒಪ್ಪಿದ್ದು 1982ರ ಟೊರೊಂಟೊ ಸಮ್ಮೇಳನದ ನಂತರವೇ.

ಬ್ರೋನೆಮಾರ್ಕ್‌ರ ತಿರುಪು ಮೇಲಿಂದ ಕೆಳಗೆ ಒಂದೇ ದಪ್ಪ. ಅದನ್ನು ಮೂಳೆಯಲ್ಲಿ ಮುಚ್ಚಿ, ವಸಡು ಹೊಲಿದು, ಕೆಳದವಡೆಯಾದರೆ ಮೂರು ತಿಂಗಳು, ಮೇಲ್ದವಡೆಯಾದರೆ ಆರು ತಿಂಗಳು ಕಾಯುತ್ತಿದ್ದರು. ಅಷ್ಟು ಕಾಯುವವರಿಗೆ ಮೊದಲ ದಿನದ ಹಿಡಿತ ದೊಡ್ಡ ಚಿಂತೆಯಲ್ಲ; ಉಳಿದದ್ದನ್ನು ಮೂಳೆ ನೋಡಿಕೊಳ್ಳುತ್ತಿತ್ತು. ಆಕಾರದ ಪ್ರಶ್ನೆ ಹುಟ್ಟಿದ್ದು ಕಾಯಲು ಮನಸ್ಸಿಲ್ಲದವರಿಂದ.

ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ವಿಲ್ಲಿ ಶುಲ್ಟೆ 1970ರ ದಶಕದಲ್ಲಿ ಹಲ್ಲು ಕಿತ್ತ ಕೂಡಲೇ ಅದೇ ಕುಳಿಯಲ್ಲಿ ಇಂಪ್ಲಾಂಟ್ ಕೂರಿಸಲು ಹೊರಟರು. ಕುಳಿ ಬೇರಿನ ಅಚ್ಚು: ಬಾಯಿ ಅಗಲ, ತಳ ಕಿರಿದು. ನೇರ ತಿರುಪು ಅದರಲ್ಲಿ ಮೇಲ್ಗಡೆ ಸಡಿಲ. ಹೀಗಾಗಿ ಅವರದು ಮೆಟ್ಟಿಲುಮೆಟ್ಟಿಲಾಗಿ ತಳಕ್ಕೆ ಕಿರಿದಾಗುವ ಅಲ್ಯೂಮಿನಾ ಪಿಂಗಾಣಿಯ ಇಂಪ್ಲಾಂಟ್. ಪಿಂಗಾಣಿ ಒಡೆಯುವ ವಸ್ತು, ಬಾಳಲಿಲ್ಲ. ಆಕಾರವನ್ನು ಮಾತ್ರ ಟೈಟಾನಿಯಂ ಎತ್ತಿಕೊಂಡಿತು.

ಕಿರಿದಾಗುವ ತಿರುಪು ಒಳಗಿಳಿದಂತೆಲ್ಲ ಸುತ್ತಲಿನ ಮೂಳೆಯನ್ನು ಒತ್ತುತ್ತ ಹೋಗುತ್ತದೆ. ಉತ್ತ ಹೊಲದ ಸಡಿಲ ಮಣ್ಣಿನಲ್ಲಿ ಎತ್ತು ಕಟ್ಟಲು ಮೊನಚು ಗೂಟ ಬಡಿದ ಹಾಗೆ. ಮೇಲ್ದವಡೆಯ ಹಿಂಭಾಗದ ಮೂಳೆ ಸ್ಪಂಜಿನಂಥದ್ದು. ಅಲ್ಲಿ ಈ ಒತ್ತಡವೇ ಆಸರೆ. ಕೂರಿಸಿದ ದಿನವೇ ಹಲ್ಲು ಜೋಡಿಸಬೇಕಾದರೆ ತಿರುಪು ಸಾಮಾನ್ಯವಾಗಿ ಸುಮಾರು 35 ನ್ಯೂಟನ್-ಸೆಂಟಿಮೀಟರ್ ಬಿಗಿಗಾದರೂ ಕೂರಬೇಕೆಂದು ವೈದ್ಯರು ನೋಡುತ್ತಾರೆ. ಕೆಳದವಡೆಯ ಮುಂಭಾಗದಂಥ ಗಟ್ಟಿ ಮೂಳೆಯಲ್ಲಿ ಅದೇ ಬಿಗಿ ಅತಿಯಾದರೆ, ಬ್ರೋನೆಮಾರ್ಕ್ ನೋಡಲು ಹೊರಟಿದ್ದ ರಕ್ತಸಂಚಾರವೇ ಹಿಸುಕಿ ಹೋಗುತ್ತದೆ. ಅದಕ್ಕೇ ಅಲ್ಲಿ ಮೊದಲೇ ಮೂಳೆಯಲ್ಲಿ ತಿರುಪಿನ ಎಳೆಗಳನ್ನು ಕೊರೆದುಕೊಳ್ಳುತ್ತಾರೆ, ಇಲ್ಲವೇ ನೇರ ತಿರುಪನ್ನೇ ಹಾಕುತ್ತಾರೆ. ನೇರದ್ದಕ್ಕೆ ಇನ್ನೊಂದು ಗುಣವುಂಟು: ಕೊಂಚ ಮೇಲೆ ಕೆಳಗೆ ಸರಿಸಿದರೂ ಹಿಡಿತ ಹೆಚ್ಚು ಕೆಡದು. ಕಿರಿದಾಗುವುದನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರೆ ಸುತ್ತಲೂ ಒಟ್ಟಿಗೇ ಸಡಿಲ.

ಇಷ್ಟೆಲ್ಲ ಮೊದಲ ವಾರಗಳ ಮಾತು. ಒತ್ತಿ ಹಿಡಿದ ಹಳೆ ಮೂಳೆ ಕರಗುತ್ತ, ಹೊಸ ಮೂಳೆ ಇನ್ನೂ ಬಲಿಯದ ಕೆಲವು ವಾರ ಎರಡು ಬಗೆಯ ತಿರುಪಿಗೂ ಗಂಡಾಂತರವೇ. ದಾಟಿದರೆ, ವರ್ಷಗಳ ಬಾಳಿಕೆಯಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ಅಂತರ ಕಂಡಿಲ್ಲ. ಕಂಪನಿಗಳ ಬಣ್ಣದ ಪುಸ್ತಿಕೆಗಳು ಇದನ್ನು ಅಷ್ಟಾಗಿ ಹೇಳುವುದಿಲ್ಲ!

ರಾಯದುರ್ಗದಿಂದ ಹಲ್ಲು ಕಟ್ಟಿಸಲು ಬಳ್ಳಾರಿ ಬಸ್ಸು ಹತ್ತುವವರಿಗೆ, ಮಡಕಶಿರಾದಿಂದ ಹಿಂದೂಪುರಕ್ಕೋ ಬೆಂಗಳೂರಿಗೋ ಹೋಗುವವರಿಗೆ, ಪ್ರತಿ ಸಲದ ಓಡಾಟವೂ ಒಂದು ದಿನದ ಕೂಲಿ. ‘ಇವತ್ತೇ ಕಿತ್ತು ಇವತ್ತೇ ಹಾಕ್ತೀವಿ’ ಎಂಬ ಮಾತು ಅವರಿಗೆ ಹಿತವಾಗಿ ಕೇಳುವುದು ಸಹಜ. ಹಲ್ಲನ್ನು ಇನ್ನಷ್ಟೇ ಕೀಳಬೇಕಿದ್ದು, ಕುಳಿಯ ಗೋಡೆಗಳು ಸ್ಕ್ಯಾನ್‌ನಲ್ಲಿ ನೆಟ್ಟಗಿದ್ದರೆ ಕಿರಿದಾಗುವ ತಿರುಪು ಆ ಮಾತನ್ನು ಉಳಿಸಿಕೊಡಬಲ್ಲದು. ಹತ್ತು ವರ್ಷದ ಹಿಂದೆ ಕಿತ್ತ ಕೆಳದವಡೆಯ ಹಲ್ಲಿನ ಜಾಗ ಮಾಗಿ ಗಟ್ಟಿಯಾಗಿದ್ದರೆ, ಕಿರಿದಾಗುವ ತಿರುಪಿಗೆಂದು ಹೆಚ್ಚು ದುಡ್ಡು ಕೇಳಿದಾಗ ‘ಯಾಕೆ ಡಾಕ್ಟ್ರೇ?’ ಎಂದು ಕೇಳಬಹುದು.