ಹ್ಯಾಂಡಲ್ ಬದಲಿಸಿದ ಮೇಲೆ ಗೇರ್ ಬೀಳ್ತಿಲ್ವಾ? ಇಂಜಿನ್ ಬಿಚ್ಚಿಸುವ ಮೊದಲು ಕ್ಲಚ್ ವೈರ್ ನೋಡಿ

ಬೆನ್ನು ನೋವು ಅಂತ ಕೆಲವರು ಬೈಕಿಗೆ ಎತ್ತರದ ಹ್ಯಾಂಡಲ್ ಹಾಕಿಸ್ತಾರೆ. ಲುಕ್ ಬರಲಿ ಅಂತ ಹುಡುಗರು ತಗ್ಗಿನ ಹ್ಯಾಂಡಲ್ ಹಾಕಿಸ್ತಾರೆ. ಎರಡು ದಿನ ಓಡಿಸುವಷ್ಟರಲ್ಲಿ ತಕರಾರು ಶುರು. ಫಸ್ಟ್ ಗೇರ್ ಹಾಕಿದರೆ ಬೈಕ್ ಟಕ್ ಅಂತ ಮುಂದೆ ಜಿಗಿಯುತ್ತದೆ, ನಿಂತಾಗ ನ್ಯೂಟ್ರಲ್ ಸಿಗಲ್ಲ. ಇಲ್ಲವೇ ಏರಿನಲ್ಲಿ ಇಂಜಿನ್ ಮಾತ್ರ ರೇಸ್ ಆಗುತ್ತದೆ, ಗಾಡಿ ಎಳೆಯಲ್ಲ.

‘ಗೇರ್‌ಬಾಕ್ಸ್ ಹೋಯ್ತು’ ಎಂದು ಗಾಬರಿಯಾಗುವುದು ಬೇಡ. ನಿನ್ನೆವರೆಗೆ ಸರಿಯಿದ್ದ ಗೇರ್‌ಬಾಕ್ಸ್ ಹ್ಯಾಂಡಲ್ ಬದಲಿಸಿದ ದಿನವೇ ಕೆಡುವುದು ಅಪರೂಪ. ಹ್ಯಾಂಡಲ್‌ಗೂ ಇಂಜಿನ್ನಿಗೂ ನಡುವೆ ಇರುವುದು ಕ್ಲಚ್ ವೈರ್. ಮೊದಲು ನೋಡಬೇಕಾದದ್ದೂ ಅದನ್ನೇ. ವೈರ್ ಬದಲಿಸುವ ಖರ್ಚು ನೂರರ ಲೆಕ್ಕದಲ್ಲಿ ಮುಗಿಯುತ್ತದೆ. ಇಂಜಿನ್ ಬಿಚ್ಚಿ ಕ್ಲಚ್ ಪ್ಲೇಟ್ ಹಾಕಿಸಿದರೆ ಸಾವಿರದ ಲೆಕ್ಕಕ್ಕೆ ಹೋಗುತ್ತದೆ.

ಎರಡು ತೊಂದರೆ, ಎರಡು ಕಾರಣ

ಸ್ಪ್ಲೆಂಡರ್, ಶೈನ್, ಪ್ಲಾಟಿನಾ ಮುಂತಾದ ಬೈಕುಗಳಲ್ಲಿ ಕ್ಲಚ್ ಕೆಲಸ ಮಾಡುವುದು ವೈರಿನಿಂದ. ಲಿವರ್ ಒತ್ತಿದಾಗ ವೈರ್ ಎಳೆದು, ಒಳಗಿನ ಪ್ಲೇಟುಗಳು ಬಿಡಿಸಿಕೊಳ್ಳುತ್ತವೆ. ಬಿಟ್ಟಾಗ ಸ್ಪ್ರಿಂಗ್ ಅವನ್ನು ಮತ್ತೆ ಒತ್ತಿ ಹಿಡಿಯುತ್ತದೆ.

ವೈರ್ ಲೂಸ್ ಆಗಿದ್ದರೆ ಲಿವರ್ ಪೂರ್ತಿ ಒತ್ತಿದರೂ ಪ್ಲೇಟುಗಳು ಪೂರ್ತಿ ಬಿಡುವುದಿಲ್ಲ. ಗೇರ್ ಗಟ್ಟಿಯಾಗುವುದು, ಕರಕರ ಸದ್ದು, ನ್ಯೂಟ್ರಲ್ ಸಿಗದಿರುವುದು, ಕ್ಲಚ್ ಹಿಡಿದಿದ್ದರೂ ಗಾಡಿ ಮುಂದೆ ಜರುಗುವುದು ಇದರ ಲಕ್ಷಣ. ಹ್ಯಾಂಡಲ್ ಬದಲಿಸುವಾಗ ವೈರ್ ಕಳಚಿ ಮತ್ತೆ ಹಾಕಿ, ಅಡ್ಜಸ್ಟ್ ಮಾಡುವುದನ್ನು ಮರೆತರೆ ಹೀಗಾಗುತ್ತದೆ. ದಪ್ಪನೆಯ ಗ್ರಿಪ್ ಹಾಕಿಸಿದ್ದರೂ ಅಷ್ಟೆ: ಪೂರ್ತಿ ಎಳೆಯುವ ಮೊದಲೇ ಲಿವರ್ ಗ್ರಿಪ್ಪಿಗೆ ತಾಗಿಬಿಡುತ್ತದೆ.

ವೈರ್ ಟೈಟ್ ಆಗಿದ್ದರೆ ಉಲ್ಟಾ. ಲಿವರ್ ಮುಟ್ಟದಿದ್ದರೂ ಕ್ಲಚ್ ಅರ್ಧ ಒತ್ತಿದಂತೆಯೇ ಇರುತ್ತದೆ. ಇಂಜಿನ್ ರೇಸ್ ಆಗುತ್ತದೆ, ಪಿಕಪ್ ಇರಲ್ಲ. ಎತ್ತರದ ಅಥವಾ ಅಗಲವಾದ ಹ್ಯಾಂಡಲ್‌ಗೆ ಹಳೇ ವೈರ್ ಗಿಡ್ಡವಾದಾಗ ಈ ತೊಂದರೆ ಹೆಚ್ಚು. ಹೀಗೇ ಓಡಿಸಿದರೆ ಪ್ಲೇಟುಗಳು ಸುಟ್ಟುಹೋಗುತ್ತವೆ, ಆಗ ದೊಡ್ಡ ಖರ್ಚು ನಿಜವಾಗಿಯೂ ಬರುತ್ತದೆ.

ತಗ್ಗಿನ ಹ್ಯಾಂಡಲ್‌ನಲ್ಲಿ ವೈರ್ ಉದ್ದ ಉಳಿದು ಎಲ್ಲೋ ಚೂಪಾಗಿ ಮಡಚಿಕೊಳ್ಳುತ್ತದೆ. ಲಿವರ್ ಗಟ್ಟಿಯಾಗುತ್ತದೆ, ಬಿಟ್ಟರೆ ನಿಧಾನಕ್ಕೆ ವಾಪಸ್ ಬರುತ್ತದೆ. ಮಡಚಿದ ಜಾಗದಲ್ಲೇ ಒಳಗಿನ ಎಳೆ ಸವೆದು ಒಂದು ದಿನ ತುಂಡಾಗುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಇಂಜಿನ್ ಆಫ್ ಮಾಡಿ, ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ. ಕ್ಲಚ್ ಲಿವರ್ ತುದಿಯನ್ನು ಬೆರಳಲ್ಲಿ ಮೆಲ್ಲಗೆ ಎಳೆಯಿರಿ. ವೈರ್ ಬಿಗಿಯಾಗುವ ಮೊದಲು ತುದಿ ಸ್ವಲ್ಪ ಸಡಿಲವಾಗಿ ಆಡಬೇಕು. ಇದನ್ನೇ ಫ್ರೀ ಪ್ಲೇ ಅನ್ನುವುದು. ಹಲವು ಬೈಕುಗಳಲ್ಲಿ ಇದು 10ರಿಂದ 20 ಮಿ.ಮೀ. ಇರುತ್ತದೆ, ನಿಮ್ಮ ಬೈಕಿನ ಸರಿಯಾದ ಅಳತೆ ಕಂಪನಿ ಕೊಟ್ಟ ಪುಸ್ತಕದಲ್ಲಿದೆ.

ಈಗ ಹ್ಯಾಂಡಲ್ ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ಅದೇ ರೀತಿ ನೋಡಿ. ಮೂರೂ ಕಡೆ ಫ್ರೀ ಪ್ಲೇ ಹೆಚ್ಚುಕಮ್ಮಿ ಒಂದೇ ಇರಬೇಕು. ಒಂದು ಕಡೆ ತಿರುಗಿಸಿದಾಗ ಮಾಯವಾದರೆ ವೈರ್ ಗಿಡ್ಡವಾಗಿದೆ, ಇಲ್ಲವೇ ಟ್ಯಾಂಕ್ ಹತ್ತಿರ ಎಲ್ಲೋ ಸಿಕ್ಕಿಹಾಕಿಕೊಂಡಿದೆ.

ಕೊನೆಯದಾಗಿ, ಬಯಲಲ್ಲಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ. ಇಂಜಿನ್ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ವೈರ್ ಕೂಡ ಎಳೆಯುತ್ತಿದೆ ಎಂದರ್ಥ. ಅಂಥ ಬೈಕನ್ನು ಸರಿ ಮಾಡಿಸದೆ ರಸ್ತೆಗೆ ತರಲೇಬಾರದು. ಸಂತೆ ಬೀದಿಯಲ್ಲಿ ತಿರುಗಿಸುವಾಗ ಗಾಡಿ ತಾನೇ ಮುನ್ನುಗ್ಗಿದರೆ ಎದುರಿಗಿರುವವರ ಗತಿಯೇನು? ಮುಂದಿನ ಬ್ರೇಕ್ ವೈರ್ ಅಥವಾ ಪೈಪ್ ಬಿಗಿಯಾಗಿ ಎಳೆದಿದೆಯೇ ಎಂದೂ ಅದೇ ಹೊತ್ತಿಗೆ ನೋಡಿಕೊಳ್ಳಿ.

ಸರಿ ಮಾಡುವುದು ಹೇಗೆ?

ಮೊದಲು ವೈರ್ ಸಾಗುವ ದಾರಿ ಸರಿಪಡಿಸಿ. ಚೂಪಾದ ಮಡಿಕೆ ಇರಬಾರದು. ಹ್ಯಾಂಡಲ್ ತಿರುಗುವ ಜಾಗದಲ್ಲಿ ವೈರನ್ನು ಟ್ಯಾಗ್ ಹಾಕಿ ಬಿಗಿದು ಕಟ್ಟಬಾರದು. ಆಮೇಲೆ ಅಡ್ಜಸ್ಟ್‌ಮೆಂಟ್: ಲಿವರ್ ಹತ್ತಿರದ ಸ್ಕ್ರೂ ಇದ್ದರೆ ಅದನ್ನು ಪೂರ್ತಿ ಒಳಗೆ ತಿರುಗಿಸಿ, ಇಂಜಿನ್ ಕಡೆಯ ನಟ್‌ನಲ್ಲಿ ದೊಡ್ಡ ಅಳತೆ ಸರಿ ಮಾಡಿ, ಕೊನೆಗೆ ಲಿವರ್ ಕಡೆ ಸಣ್ಣ ವ್ಯತ್ಯಾಸ ಸರಿಪಡಿಸಿ. ಲಾಕ್ ನಟ್ ಬಿಗಿ ಮಾಡಿ, ಮತ್ತೊಮ್ಮೆ ಎಡ-ಬಲ ಪರೀಕ್ಷೆ ಮಾಡಿ.

ಅಡ್ಜಸ್ಟ್ ಮಾಡಿದರೂ ಒಂದು ಕಡೆ ಟೈಟ್ ಆಗುತ್ತಿದ್ದರೆ ಉದ್ದದ ವೈರ್ ಹಾಕಿಸುವುದೇ ದಾರಿ. ಸ್ಕ್ರೂ ಎಷ್ಟು ತಿರುಗಿಸಿದರೂ ಗಿಡ್ಡ ವೈರ್ ಉದ್ದವಾಗಲ್ಲ. ಬಿಡಿಭಾಗದ ಅಂಗಡಿಗೆ ಹಳೇ ವೈರ್ ತೆಗೆದುಕೊಂಡು ಹೋಗಿ. ಎರಡೂ ತುದಿಯ ಗುಂಡು ಹಾಗೂ ಹೊರಗಿನ ಕವರ್‌ನ ಉದ್ದ ಹೋಲಿಸಿಯೇ ಹೊಸದನ್ನು ಆರಿಸಿ. ಅಂಗಡಿಯವರೂ ಹ್ಯಾಂಡಲ್ ಮಾರುವಾಗಲೇ ‘ವೈರ್ ಸಾಲುತ್ತಾ?’ ಎಂದು ಕೇಳಿದರೆ ಗಿರಾಕಿ ಮತ್ತೆ ಜಗಳಕ್ಕೆ ಬರಲ್ಲ.

ಹಾಗಾದರೆ ಇಂಜಿನ್ ಬಿಚ್ಚಿಸಬೇಕಾದದ್ದು ಯಾವಾಗ? ಫ್ರೀ ಪ್ಲೇ ಸರಿಯಿದ್ದು, ವೈರ್ ಸಲೀಸಾಗಿ ಆಡುತ್ತಿದ್ದು, ಆದರೂ ಕ್ಲಚ್ ಸ್ಲಿಪ್ ಆಗುತ್ತಿದ್ದರೆ ಪ್ಲೇಟ್ ಸವೆದಿರಬಹುದು. ಇತ್ತೀಚೆಗೆ ಆಯಿಲ್ ಬದಲಿಸಿದ್ದರೆ ಅದನ್ನೂ ನೆನಪು ಮಾಡಿಕೊಳ್ಳಿ. ಈ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿನ ಆಯಿಲ್ ಹಾಕಿದರೆ ಜಾರುವ ಸಂಭವ ಇದೆ. ಹ್ಯಾಂಡಲ್ ಬದಲಿಸುವ ಮೊದಲೂ ಇದೇ ತೊಂದರೆ ಇತ್ತು ಅಂದರೆ ಅದನ್ನು ಮೆಕ್ಯಾನಿಕ್‌ಗೆ ಮುಚ್ಚಿಡಬೇಡಿ, ಮೊದಲೇ ಹೇಳಿಬಿಡಿ.