ಮರೆತದ್ದನ್ನೆಲ್ಲ ಮತ್ತೆ ಹುಡುಕಿಕೊಂಡ ಕೋಟೆ

1818ರ ಫೆಬ್ರವರಿ 4ರಂದು ಎಡಿನ್‌ಬರೊ ಕೋಟೆಯ ಒಂದು ಕೋಣೆಯಲ್ಲಿ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮತ್ತು ಕೆಲವು ಅಧಿಕಾರಿಗಳು ಹಳೆಯ ಪೆಟ್ಟಿಗೆಯೊಂದನ್ನು ಸುತ್ತುವರಿದು ನಿಂತಿದ್ದರು. ಬೀಗದ ಕೈ ಸಿಗದೆ ಪೆಟ್ಟಿಗೆಯನ್ನು ಒಡೆಯಬೇಕಾಯಿತು. ಒಳಗೆ ಸ್ಕಾಟ್ಲೆಂಡ್ ದೊರೆಗಳ ಕಿರೀಟ, ಖಡ್ಗ, ರಾಜದಂಡ ಬಟ್ಟೆ ಸುತ್ತಿಕೊಂಡು ಮಲಗಿದ್ದವು. 1707ರಲ್ಲಿ ಸ್ಕಾಟ್ಲೆಂಡ್ ತನ್ನ ಸಂಸತ್ತನ್ನು ಕಳೆದುಕೊಂಡು ಇಂಗ್ಲೆಂಡಿನ ಜೊತೆ ಒಂದಾದಾಗ, ಇನ್ನು ಇವುಗಳಿಗೆ ಕೆಲಸವಿಲ್ಲವೆಂದು ಬೀಗ ಜಡಿದಿದ್ದರು. ನೂರು ವರ್ಷ ದಾಟುವಷ್ಟರಲ್ಲಿ ಅವು ಕೋಟೆಯಲ್ಲೇ ಇವೆಯೋ, ಇಂಗ್ಲಿಷರು ಸಾಗಿಸಿಬಿಟ್ಟರೋ ಎಂಬ ಅನುಮಾನ ಜನರಲ್ಲಿ ಬೆಳೆದಿತ್ತು.

ಇವತ್ತು ಆ ಒಡವೆಗಳನ್ನು ನೋಡಲು ಪ್ರವಾಸಿಗರು ಸಾಲುಗಟ್ಟಿ ನಿಲ್ಲುತ್ತಾರೆ. ಖಡ್ಗವನ್ನು 1507ರಲ್ಲಿ ಪೋಪ್ ಎರಡನೇ ಜೂಲಿಯಸ್ ಕಳಿಸಿಕೊಟ್ಟಿದ್ದ. ಕಿರೀಟ ಐದನೇ ಜೇಮ್ಸ್ ದೊರೆಗಾಗಿ 1540ರಲ್ಲಿ ಈಗಿನ ರೂಪಕ್ಕೆ ಬಂದದ್ದು. ಇಂಗ್ಲೆಂಡಿನ ಸೇನಾನಿ ಕ್ರಾಮ್‌ವೆಲ್‌ನ ಸೈನ್ಯ ಬೆನ್ನಟ್ಟಿ ಬಂದಾಗ ಕಿನೆಫ್ ಎಂಬ ಹಳ್ಳಿಯ ಪಾದ್ರಿ ದಂಪತಿ ಇವನ್ನು ತಮ್ಮ ಚರ್ಚಿನ ನೆಲದಡಿ ಹೂತಿಟ್ಟು ಕಾಪಾಡಿದ್ದರು. ಶತ್ರುವಿನಿಂದ ಇಷ್ಟು ಜತನವಾಗಿ ಉಳಿಸಿಕೊಂಡ ವಸ್ತುಗಳನ್ನು ತಮ್ಮದೇ ಕೋಟೆಯೊಳಗೆ ಮರೆತದ್ದು ವಿಚಿತ್ರವೇ. ಆದರೆ ಈ ಕೋಟೆಯನ್ನು ಸುತ್ತಿದಷ್ಟೂ ಇಂಥ ಮರೆವಿನ ಕಥೆಗಳೇ ಎದುರಾಗುತ್ತವೆ.

ಕೋಟೆ ನಿಂತಿರುವುದು ಸುಮಾರು 34 ಕೋಟಿ ವರ್ಷಗಳ ಹಿಂದೆ ತಣ್ಣಗಾದ ಜ್ವಾಲಾಮುಖಿಯ ಗಂಟಲಿನ ಮೇಲೆ. ಹಿಮಯುಗದಲ್ಲಿ ಪಶ್ಚಿಮದಿಂದ ಜಾರಿಬಂದ ನೀರ್ಗಲ್ಲ ರಾಶಿಗೆ ಈ ಗಟ್ಟಿ ಬಂಡೆ ಜಗ್ಗಲಿಲ್ಲ. ಬಂಡೆಯ ಮರೆಯಲ್ಲಿದ್ದ ಪೂರ್ವದ ನೆಲವೂ ಕೊಚ್ಚಿಹೋಗದೆ ಉದ್ದನೆಯ ಇಳಿಜಾರಾಗಿ ಉಳಿಯಿತು. ಆ ಇಳಿಜಾರಿನ ಬೆನ್ನ ಮೇಲೆಯೇ ಹಳೆಯ ಪಟ್ಟಣ ಬೆಳೆದದ್ದು. ಮೂರು ಕಡೆ ಕಡಿದಾದ ಬಂಡೆ. ಹತ್ತಲು ದಾರಿ ಪೂರ್ವದಲ್ಲಿ ಮಾತ್ರ. ಹಾಗೆಂದು ಯಾರೂ ಹತ್ತಲಿಲ್ಲವೆಂದಲ್ಲ. 1314ರಲ್ಲಿ ಥಾಮಸ್ ರ‍್ಯಾಂಡಾಲ್ಫ್ ಎಂಬ ಸರದಾರ ಬರೀ ಮೂವತ್ತು ಜನರನ್ನು ಕಟ್ಟಿಕೊಂಡು, ಬಂಡೆಯ ಸಂದುಗೊಂದು ಬಲ್ಲವನೊಬ್ಬನ ಹಿಂದೆ, ರಾತ್ರಿಯಲ್ಲಿ ಉತ್ತರದ ಕಡೆಯಿಂದ ಹತ್ತಿ ಇಂಗ್ಲಿಷರಿಂದ ಕೋಟೆಯನ್ನು ಕಿತ್ತುಕೊಂಡ. ಶತ್ರುವಿಗೆ ಮತ್ತೆ ದಕ್ಕಬಾರದೆಂದು ಸ್ಕಾಟ್ ದೊರೆ ರಾಬರ್ಟ್ ಬ್ರೂಸ್ ಕೋಟೆಯನ್ನೇ ಕೆಡವಿಸಿದ. ಉಳಿದದ್ದು ಒಂದು ಪುಟ್ಟ ಪ್ರಾರ್ಥನಾ ಮಂದಿರ.

ಆ ಮಂದಿರವೂ ಮರೆವಿಗೆ ಸಂದಿತು. 1130ರ ಸುಮಾರಿಗೆ ಒಂದನೇ ಡೇವಿಡ್ ತನ್ನ ತಾಯಿ ರಾಣಿ ಮಾರ್ಗರೆಟ್‌ಳ ನೆನಪಿಗೆ ಕಟ್ಟಿಸಿದ ಇದು ಎಡಿನ್‌ಬರೊ ನಗರದ ಅತಿ ಹಳೆಯ ಕಟ್ಟಡ. ಕಾಲಾಂತರದಲ್ಲಿ ಸೈನಿಕರು ಇದನ್ನು ಮದ್ದಿನ ಮನೆ ಮಾಡಿಕೊಂಡರು. ಇದು ದೇವರ ಮನೆಯಾಗಿತ್ತು ಎಂಬುದೇ ಯಾರಿಗೂ ನೆನಪಿರಲಿಲ್ಲ. 1845ರಲ್ಲಿ ಡೇನಿಯಲ್ ವಿಲ್ಸನ್ ಎಂಬ ಪುರಾತತ್ವಪ್ರಿಯ ಒಳಗಿನ ಕಮಾನನ್ನು ಕಂಡು ಇದೇನೆಂದು ಗುರುತಿಸಿದ. ಈಗ ಅಲ್ಲಿ ಮದುವೆಗಳು ನಡೆಯುತ್ತವೆ, ಅದೂ ಇಪ್ಪತ್ತು ಚಿಲ್ಲರೆ ನೆಂಟರಿಗಷ್ಟೇ ಜಾಗ.

ಇನ್ನೊಂದು ಕಥೆ ನೆಲದಡಿಯದು. ಹದಿನಾಲ್ಕನೇ ಶತಮಾನದಲ್ಲಿ ಎರಡನೇ ಡೇವಿಡ್ ಎಬ್ಬಿಸಿದ ಎತ್ತರದ ಗೋಪುರವೊಂದು ಕೋಟೆಯ ಮುಂಭಾಗದಲ್ಲಿತ್ತು. ಪದಚ್ಯುತಳಾಗಿ ಇಂಗ್ಲೆಂಡಿನಲ್ಲಿ ಸೆರೆಯಾಗಿದ್ದ ರಾಣಿ ಮೇರಿಯ ಪಕ್ಷ ಹಿಡಿದು ಕಿರ್ಕಾಲ್ಡಿ ಎಂಬ ಕಿಲ್ಲೇದಾರ 1571ರಿಂದ ಎರಡು ವರ್ಷ ಕೋಟೆಯನ್ನು ಬಿಟ್ಟುಕೊಡದೆ ಕೂತ. ಕೊನೆಗೆ 1573ರ ಮೇ ತಿಂಗಳಲ್ಲಿ ಇಂಗ್ಲಿಷ್ ಫಿರಂಗಿಗಳು ಬಂದವು. ಗುಂಡಿನ ಮಳೆಗೆ ಗೋಪುರ ಕುಸಿಯಿತು, ಕುಸಿದದ್ದು ಕೋಟೆಯ ಬಾವಿಯನ್ನೇ ಮುಚ್ಚಿತು. ಬಂಡೆಯ ಮೇಲಿನ ಕೋಟೆಯನ್ನು ಸೋಲಿಸಲು ನೀರು ತಪ್ಪಿಸಿದರೆ ಸಾಕು. ಕಿರ್ಕಾಲ್ಡಿ ಶರಣಾದ, ಗಲ್ಲಿಗೂ ಏರಿದ. ಮುರಿದ ಗೋಪುರವನ್ನು ಒಳಗೆ ಹುದುಗಿಸಿಕೊಂಡೇ ಹೊಸ ಅರ್ಧಚಂದ್ರಾಕಾರದ ಬುರುಜು ಎದ್ದಿತು. ಒಳಗೊಂದು ಗೋಪುರವಿದೆ ಎಂದು ಮತ್ತೆ ಗೊತ್ತಾದದ್ದು 1912ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಬಾಂಬುಗಳ ಭಯದಿಂದ ಕಿರೀಟವನ್ನು ಬಚ್ಚಿಟ್ಟದ್ದು ಇದೇ ಗೋಪುರದ ಪಾಳುಬಿದ್ದ ಹಳೆಯ ಪಾಯಿಖಾನೆಯಲ್ಲಿ!

ಮಾನ್ಸ್ ಮೆಗ್ ಎಂಬ ಫಿರಂಗಿಯನ್ನು ಮಾತ್ರ ಮರೆಯಲು ಸಾಧ್ಯವಿರಲಿಲ್ಲ, ಅದರ ತೂಕವೇ ಆರು ಟನ್. 1457ರಲ್ಲಿ ಬರ್ಗಂಡಿಯ ಡ್ಯೂಕ್ ಉಡುಗೊರೆಯಾಗಿ ಕೊಟ್ಟ ಇದು ಸುಮಾರು 150 ಕಿಲೋ ತೂಕದ ಕಲ್ಲುಗುಂಡನ್ನು ಎಸೆಯುತ್ತಿತ್ತು. ಆದರೆ ಇದನ್ನು ಯುದ್ಧಕ್ಕೆ ಎಳೆದೊಯ್ಯಲು ನೂರಕ್ಕೂ ಹೆಚ್ಚು ಆಳುಗಳು ಹೆಣಗಿದರೂ ದಿನಕ್ಕೆ ಐದು ಕಿಲೋಮೀಟರ್ ದಾಟುವುದೇ ಕಷ್ಟ. ಶತ್ರುಗಳಿಗಿಂತ ಎಳೆದವರನ್ನೇ ಇದು ಹೆಚ್ಚು ಕಾಡಿರಬೇಕು. 1681ರಲ್ಲಿ ಕುಶಾಲತೋಪು ಹಾರಿಸುವಾಗ ಕೊಳವೆ ಸಿಡಿಯಿತು. 1754ರಲ್ಲಿ ಲಂಡನ್ ಟವರ್‌ಗೆ ಹೋದ ಮೆಗ್, ಮತ್ತದೇ ವಾಲ್ಟರ್ ಸ್ಕಾಟ್‌ನ ಒತ್ತಾಯದಿಂದ 1829ರಲ್ಲಿ ವಾಪಸಾಯಿತು.

ಕೋಟೆಯ ಮುಂದಿನ ಮೈದಾನದಲ್ಲಿ ಭಾರತದವರ ಕಾಲು ತಾನಾಗಿ ನಿಲ್ಲುವ ಒಂದು ಶಿಲುಬೆಯಿದೆ. ಅದರ ಮೇಲೆ ಆನೆಯ ಕೆತ್ತನೆ. 1857ರ ದಂಗೆಯ ಕಾಲದಲ್ಲಿ ಭಾರತದಲ್ಲಿ ಸತ್ತ 78ನೇ ಹೈಲ್ಯಾಂಡರ್ ದಳದವರ ಸ್ಮಾರಕವದು. ಸ್ಕಾಟ್ಲೆಂಡಿಗೂ ಕನ್ನಡ ನಾಡಿಗೂ ಇರುವ ನಂಟು ಇನ್ನೂ ಹಳೆಯದು. ಸ್ಕಾಟ್ ಯೋಧ ಡೇವಿಡ್ ಬೇರ್ಡ್ 1780ರ ಪೊಳ್ಳಿಲೂರು ಕದನದಲ್ಲಿ ಮೈಸೂರು ಸೈನ್ಯಕ್ಕೆ ಸಿಕ್ಕಿ, 1784ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. ಕೈದಿಗಳನ್ನು ಜೋಡಿಜೋಡಿಯಾಗಿ ಸರಪಳಿ ಬಿಗಿದಿದ್ದಾರೆಂದು ಕೇಳಿ ಅವನ ತಾಯಿ, ನನ್ನ ಮಗನ ಜೊತೆ ಸಿಕ್ಕಿಬಿದ್ದವನ ಗತಿಯೇನೋ ಪಾಪ ಎಂದಳಂತೆ. 1799ರ ಮೇ 4ರಂದು ಅದೇ ಪಟ್ಟಣಕ್ಕೆ ಲಗ್ಗೆ ಹಾಕಿದ ದಂಡಿನ ಮುಂದಾಳು ಇದೇ ಬೇರ್ಡ್. ಟಿಪ್ಪುವಿನ ದೇಹವನ್ನು ಅವನು ಕಂಡ ಗಳಿಗೆಯನ್ನು ಡೇವಿಡ್ ವಿಲ್ಕಿ 1839ರಲ್ಲಿ ದೊಡ್ಡ ತೈಲಚಿತ್ರವಾಗಿಸಿದ. ಬೇರ್ಡ್‌ನ ಕಾಲಡಿ ಸೆರೆಮನೆಯ ಕಂಬಿಗಳನ್ನು ಬರೆಯಲು ಅವನು ಮರೆಯಲಿಲ್ಲ. ಆ ಚಿತ್ರ ಸ್ಕಾಟ್ಲೆಂಡ್‌ನ ರಾಷ್ಟ್ರೀಯ ಕಲಾ ಸಂಗ್ರಹದಲ್ಲಿದೆ. ಗೆದ್ದವನ ವಿಧವೆ ಬರೆಸಿದ ಚಿತ್ರ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡಬೇಕು.

ಹೋಗುವವರಿಗೆ ಎರಡು ಮಾತು. ವೈಭವದ ಅರಮನೆಯನ್ನು ನಿರೀಕ್ಷಿಸಿದರೆ ನಿರಾಸೆ ಖಂಡಿತ. ಮುಂದೆ ಇಂಗ್ಲೆಂಡಿಗೂ ದೊರೆಯಾದ ಆರನೇ ಜೇಮ್ಸ್‌ನನ್ನು 1566ರಲ್ಲಿ ಮೇರಿ ಹೆತ್ತ ಕೋಣೆ, ಹಾಸಿಗೆಯೊಂದನ್ನು ಇಟ್ಟರೆ ತುಂಬಿಹೋಗುವಷ್ಟು ಚಿಕ್ಕದು. ಹಳೆಯ ಪ್ರವಾಸಿ ಕೈಪಿಡಿ ನಂಬಿ ಪಟ್ಟಾಭಿಷೇಕದ ಕಲ್ಲನ್ನು ಹುಡುಕುವುದೂ ಬೇಡ. 1296ರಲ್ಲಿ ಇಂಗ್ಲಿಷರು ಹೊತ್ತೊಯ್ದ, 1996ರಲ್ಲಿ ಹಿಂದಿರುಗಿ ಈ ಕೋಟೆ ಸೇರಿದ್ದ ಆ ಕಲ್ಲು 2024ರಿಂದ ಪರ್ತ್ ಪಟ್ಟಣದ ಮ್ಯೂಸಿಯಂನಲ್ಲಿದೆ. ಆಗಸ್ಟ್‌ನಲ್ಲಿ ಮಿಲಿಟರಿ ಟ್ಯಾಟೂ ಎಂಬ ಸೇನಾ ವಾದ್ಯಮೇಳದ ಪ್ರದರ್ಶನ ನಡೆಯುವಾಗ ಜನಜಂಗುಳಿ ವಿಪರೀತ. ಟಿಕೆಟ್ ಮೊದಲೇ ಕಾದಿರಿಸುವುದು ಒಳ್ಳೆಯದು. ನೆಲಕ್ಕೆ ಹಾಸಿದ ಉರುಟು ಕಲ್ಲುಗಳು ಮಳೆಗೆ ಜಾರುತ್ತವೆ, ಮಳೆಯಂತೂ ಹೇಳಿಕೇಳಿ ಬರುವುದಿಲ್ಲ.

ಮಧ್ಯಾಹ್ನ ಒಂದಕ್ಕೆ ಮುಂಚೆ ಉತ್ತರದ ಫಿರಂಗಿ ಸಾಲಿನ ಬಳಿ ಸೇರಿಕೊಳ್ಳಿ. ಮಂಜು ಮುಸುಕಿದಾಗ ಹಡಗಿನವರಿಗೆ ಗುಡ್ಡದ ಮೇಲಿನ ಸಮಯಸೂಚಕ ಚೆಂಡು ಕಾಣುತ್ತಿರಲಿಲ್ಲವೆಂದು 1861ರಲ್ಲಿ ಶುರುವಾದ ಒಂದು ಗಂಟೆಯ ತೋಪು ಇಂದಿಗೂ ಹಾರುತ್ತದೆ. ಹನ್ನೆರಡಕ್ಕೆ ಹನ್ನೆರಡು ಗುಂಡು ಬೇಕು, ಒಂದಕ್ಕಾದರೆ ಒಂದೇ ಸಾಕು ಎಂದು ಸ್ಕಾಟ್ ಜನ ತಮ್ಮ ಜಿಪುಣತನವನ್ನು ತಾವೇ ಗೇಲಿ ಮಾಡಿಕೊಳ್ಳುವುದುಂಟು. ಭಾನುವಾರ, ಕ್ರಿಸ್‌ಮಸ್ ಮತ್ತು ಗುಡ್ ಫ್ರೈಡೇ ದಿನ ತೋಪಿಗೆ ರಜೆ, ಕೋಟೆ ನೋಡಲು ನಿಮಗೆ ಒಂದೇ ದಿನ ಬಿಡುವಿದ್ದರೆ ವಾರದ ಬೇರೆ ದಿನ ಆರಿಸಿಕೊಳ್ಳಿ.